ನೀರಿಗೊಂದು ಮೆಟ್ಟಿಲು

"ಯವ್ವಾ, ನಾ ಈಸಾಕ ಹೋಗಿ ಬರ್ತೀನಿ."

"ಎಲ್ಲಿಗಿ?"

"ಖಣಿಗಿ."

"ಖಣಿ ಕಡಿ ಕಾಲ ಇಟ್ಟಿ ಅಂದ್ರ ನೋಡು ಮತ್ತ!"

ಬೇಸಿಗೆ ರಜೆಯ ಮಧ್ಯಾಹ್ನ ಕಕ್ಕೇರಾದಲ್ಲಾಗಲಿ, ಸುರಪುರ, ಶಹಾಪುರ, ಯಾದಗಿರಿಯ ಯಾವ ಊರಲ್ಲಾಗಲಿ ಕೇಳಿಬರಬಹುದಾದ ಮಾತಿದು. ಹುಡುಗ ಮುಖ ಊದಿಸಿಕೊಂಡು ಕಟ್ಟೆಯ ಮೇಲೆ ಕೂಡುತ್ತಾನೆ. ತಾಯಿ ಒಳಗೆ ಹೋಗುತ್ತಾಳೆ. ಅರ್ಧ ತಾಸಿನ ಮೇಲೆ ಹೊರಗೆ ಬಂದು ನೋಡಿದರೆ ಕಟ್ಟೆ ಖಾಲಿ.

ಇಲ್ಲಿ ತಪ್ಪು ಯಾರದು? ಹುಡುಗನದೆಂದು ಹೇಳುವುದು ಸುಲಭ. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಈ ಸೀಮೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಶಾಲೆ ಇಲ್ಲ. ಮನೆಯ ಚಾವಣಿ ಕಾದು ಒಳಗೆ ಕೂಡಲಾಗದು. ಆ ಹೊತ್ತಿನಲ್ಲಿ ನೀರು ನೆನಪಾಗದ ಹುಡುಗ ಎಲ್ಲಿದ್ದಾನೆ? ತಾಯಿಯ ಭಯವೂ ಸುಳ್ಳಲ್ಲ. ಈಜಲು ಹೋದ ಮಕ್ಕಳು ಮರಳಿ ಬರದ ಸುದ್ದಿ ಪ್ರತಿ ಬೇಸಿಗೆಯಲ್ಲೂ ಒಂದಿಲ್ಲೊಂದು ಜಿಲ್ಲೆಯಿಂದ ಬರುತ್ತಲೇ ಇರುತ್ತದೆ. ಇಬ್ಬರೂ ಸರಿಯಿದ್ದು ನಡುವೆ ಒಂದು ಜೀವ ಹೋಗುವುದಾದರೆ, ಆ ನಡುವೆ ಏನೋ ಕೊರತೆ ಇದೆ ಎಂದಾಯಿತು. ಆ ಕೊರತೆ ಯಾವುದು?

ಬಾವಿ ಹೋಯಿತು, ಗುರುವೂ ಹೋದ

ಇಂದಿನ ಮಕ್ಕಳ ಅಪ್ಪಂದಿರು, ಅಜ್ಜಂದಿರು ಈಜು ಕಲಿತದ್ದು ಹೊಲದ ಬಾವಿಯಲ್ಲಿ. ಅದಕ್ಕೊಂದು ಪದ್ಧತಿ ಇತ್ತು. ಮೊದಲ ದಿನ ನಡುವಿಗೆ ಒಣಗಿದ ಸೋರೆ ಬುರುಡೆಯನ್ನೋ, ಬೆಂಡನ್ನೋ, ಬಾಯಿ ಬಿಗಿದ ಖಾಲಿ ಡಬ್ಬಿಯನ್ನೋ ಕಟ್ಟುತ್ತಿದ್ದರು. ಹಗ್ಗದ ಒಂದು ತುದಿ ಹುಡುಗನ ಸೊಂಟಕ್ಕೆ, ಇನ್ನೊಂದು ತುದಿ ದಂಡೆಯ ಮೇಲೆ ನಿಂತ ಕಾಕಾನ ಕೈಗೆ. ಕೈಕಾಲು ಬಡಿಯಲು ಬಂದ ಮೇಲೆ ಬುರುಡೆ ಬಿಚ್ಚುತ್ತಿದ್ದರು. ಹಗ್ಗ ಮಾತ್ರ ಇನ್ನೂ ಕೆಲವು ದಿನ ಇರುತ್ತಿತ್ತು. ಯಾವ ಬಾವಿ ಎಷ್ಟು ಆಳು ಆಳ, ಯಾವ ಮೂಲೆಯಲ್ಲಿ ಕಲ್ಲು ಚಾಚಿದೆ, ಯಾವ ಮೆಟ್ಟಿಲು ಜಾರುತ್ತದೆ ಎಂಬುದು ಊರಿಗೆಲ್ಲ ಗೊತ್ತಿತ್ತು.

ಬೋರ್‌ವೆಲ್ ಬಂದ ಮೇಲೆ ಅಂತರ್ಜಲ ಕೆಳಗಿಳಿದು ತೆರೆದ ಬಾವಿಗಳು ಒಂದೊಂದಾಗಿ ಬತ್ತಿದವು. ಕೆಲವು ಮುಚ್ಚಿಹೋದವು, ಕೆಲವು ಕಸದ ಗುಂಡಿಯಾದವು. ಹೋದದ್ದು ನೀರಷ್ಟೇ ಎಂದು ಜನ ತಿಳಿದರು. ಆದರೆ ನೀರಿನ ಜೊತೆ ಹಗ್ಗ ಹಿಡಿದ ಕಾಕಾನೂ ಹೋದ. ಪಾಠಶಾಲೆ ಮುಚ್ಚಿತು, ಕಲಿಯುವ ಆಸೆ ಮಾತ್ರ ಉಳಿಯಿತು.

ಈಗ ಹುಡುಗರಿಗೆ ಉಳಿದಿರುವುದು ಏನು? ದಕ್ಷಿಣಕ್ಕೆ ಕೃಷ್ಣಾ ನದಿ ಇದೆ. ಅಲ್ಲಿ ಸೆಳವೂ ಇದೆ, ಮೊಸಳೆಯೂ ಇದೆ. ನಾರಾಯಣಪುರ ಜಲಾಶಯದಿಂದ ಹೊರಟ ಎಡದಂಡೆ ಕಾಲುವೆ ಇದೆ. ಅದರ ಸಿಮೆಂಟಿನ ಇಳಿಜಾರಿಗೆ ಪಾಚಿ ಹಿಡಿದರೆ ದೊಡ್ಡವರೂ ಹತ್ತಿ ಬರಲಾರರು. ಇನ್ನುಳಿದದ್ದು ಕಲ್ಲು ತೆಗೆದು ಬಿಟ್ಟ ಖಣಿ. ಅಲ್ಲಿ ಸೆಳವಿಲ್ಲ, ಅಲೆಯಿಲ್ಲ, ಕೆಸರಿಲ್ಲ. ನೀರು ಕನ್ನಡಿಯಂತೆ ತಿಳಿ. ನೋಡಿದವರಿಗೆ ಇದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ ಎನ್ನಿಸುತ್ತದೆ. ಮೋಸ ಇರುವುದು ಅಲ್ಲಿಯೇ.

ಖಣಿಗೆ ನೀರು ಬಂದ ಬಗೆ

ಸುರಪುರದ ಬೆಟ್ಟಗಳನ್ನು ನೋಡಿದವರಿಗೆ ಈ ನೆಲ ಎಂಥದೆಂದು ಹೇಳಬೇಕಿಲ್ಲ. ಭೂವಿಜ್ಞಾನಿಗಳ ಲೆಕ್ಕದಲ್ಲಿ ಇಲ್ಲಿನ ಗ್ರಾನೈಟ್ ಮತ್ತು ನೈಸ್ ಶಿಲೆಗಳ ವಯಸ್ಸು ಸುಮಾರು 250 ಕೋಟಿ ವರ್ಷ, ಕೆಲವು ಕಡೆ ಅದಕ್ಕೂ ಹೆಚ್ಚು. ಉತ್ತರಕ್ಕೆ ಭೀಮಾ ತೀರದ ಕಡೆ ಹೋದಂತೆ ಸುಣ್ಣಕಲ್ಲು ಸಿಗುತ್ತದೆ. ಶಹಾಬಾದ್ ಫರಸಿ ಎಂದು ನಾಡಿನ ತುಂಬ ಹೆಸರಾದದ್ದು ಇದೇ ಕಲ್ಲು. ಮನೆಗೆ ಕಲ್ಲು ಬೇಕು, ನೆಲಕ್ಕೆ ಫರಸಿ ಬೇಕು, ರಸ್ತೆಗೆ ಖಡಿ ಬೇಕು. ಹಾಗಾಗಿ ಖಣಿ ಇಲ್ಲದ ಸೀಮೆ ಇದಲ್ಲ.

ಹಿಂದೆ ಕಲ್ಲಿನಲ್ಲಿ ಸಾಲಾಗಿ ರಂಧ್ರ ಕೊರೆದು, ಬೆಣೆ ಬಡಿದು, ಹಾಳೆ ಹರಿದಂತೆ ಬಂಡೆಯನ್ನು ಸೀಳುತ್ತಿದ್ದರು. ಹಂಪಿಗೆ ಹೋದ ವಿದ್ಯಾರ್ಥಿಗಳು ಬಂಡೆಗಳ ಅಂಚಿನಲ್ಲಿ ಸಾಲು ಗುರುತುಗಳನ್ನು ನೋಡಿರಬಹುದು. ಅವು ಆ ಬೆಣೆಗಳ ಗುರುತು. ಈಗ ಯಂತ್ರದಿಂದ ಕೊರೆದು ಮದ್ದು ಹಾಕಿ ಸಿಡಿಸುತ್ತಾರೆ. ಹಿಂದೆ ತಲೆಮಾರು ಕಾಲ ತೋಡಿದರೂ ಆಗದಷ್ಟು ಆಳ ಈಗ ಕೆಲವೇ ವರ್ಷಗಳಲ್ಲಿ ಆಗುತ್ತದೆ.

ಖಣಿ ನಡೆಯುವಾಗಲೂ ಬಂಡೆಯ ಬಿರುಕುಗಳಿಂದ ನೀರು ಜಿನುಗುತ್ತಲೇ ಇರುತ್ತದೆ. ಪಂಪು ಹಚ್ಚಿ ಅದನ್ನು ಹೊರಗೆ ಹಾಕುತ್ತಾರೆ. ಒಂದು ದಿನ ಕಲ್ಲು ಮುಗಿಯುತ್ತದೆ, ಅಥವಾ ಗುತ್ತಿಗೆ ಮುಗಿಯುತ್ತದೆ. ಪಂಪು ನಿಲ್ಲುತ್ತದೆ. ಮಳೆಯ ನೀರು, ಬಿರುಕಿನ ನೀರು ಎರಡೂ ಸೇರಿ ಗುಂಡಿ ತುಂಬುತ್ತದೆ. ಯಾರೂ ಇದನ್ನು ಕೆರೆಯೆಂದು ಕಟ್ಟಿದ್ದಲ್ಲ. ಯಾರೂ ಇದರ ಆಳ ಬರೆದಿಟ್ಟಿಲ್ಲ. ಹೊಳೆ ಹರಿದು ಮಣ್ಣು ತರುವುದಿಲ್ಲವಾದ್ದರಿಂದ ನೀರು ತಿಳಿಯಾಗಿಯೇ ಉಳಿಯುತ್ತದೆ.

ತಿಳಿನೀರು ಹೇಳುವ ಸುಳ್ಳು

ಹತ್ತನೆಯ ತರಗತಿಯ ವಿದ್ಯಾರ್ಥಿಗಳು ಬೆಳಕಿನ ವಕ್ರೀಭವನದ ಪಾಠ ಓದಿರುತ್ತಾರೆ. ನೀರಿನ ವಕ್ರೀಭವನ ಸೂಚ್ಯಂಕ 1.33. ಪರೀಕ್ಷೆಯಲ್ಲಿ ಇದನ್ನು ಬರೆದರೆ ಅಂಕ ಬರುತ್ತದೆ. ಖಣಿಯ ದಂಡೆಯಲ್ಲಿ ಇದು ನೆನಪಾದರೆ ಜೀವ ಉಳಿಯುತ್ತದೆ. ನೇರ ಮೇಲಿನಿಂದ ನೋಡಿದಾಗ ನೀರಿನ ತಳ ತನ್ನ ನಿಜವಾದ ಆಳದ ಮುಕ್ಕಾಲು ಪಾಲಿನಷ್ಟೇ ಆಳದಲ್ಲಿದ್ದಂತೆ ಕಾಣುತ್ತದೆ. 12 ಅಡಿ ಆಳ 9 ಅಡಿಯಂತೆ, 8 ಅಡಿ ಆಳ 6 ಅಡಿಯಂತೆ. ದಂಡೆಯಿಂದ ಓರೆಯಾಗಿ ನೋಡಿದರೆ ಇನ್ನೂ ಕಡಿಮೆ. ನಾಲ್ಕೂವರೆ ಅಡಿ ಎತ್ತರದ ಹುಡುಗ "ಎದಿಮಟ ಅದ, ನಾಕ ಅಡಿ" ಎಂದುಕೊಂಡು ಕಾಲಿಡುವ ಕಡೆ ನಿಜವಾಗಿ ಐದು ಅಡಿಗೂ ಹೆಚ್ಚು ನೀರಿರುತ್ತದೆ. ಅವನ ತಲೆ ಮುಳುಗಲು ಅಷ್ಟೇ ಸಾಕು.

ಎರಡನೆಯ ಮೋಸ ಗೋಡೆಯದು. ಕೆರೆಯ ಅಂಗಳ ಇಳಿಜಾರಾಗಿರುತ್ತದೆ. ಸುರಪುರ ತಾಲ್ಲೂಕಿನದೇ ಬೋನಾಳ ಕೆರೆಯನ್ನು ನೋಡಿ. ಸುರಪುರದ ನಾಯಕ ಅರಸರ ಕಾಲದಲ್ಲಿ ಕಟ್ಟಿದ ಈ ಕೆರೆಯನ್ನು 19ನೆಯ ಶತಮಾನದಲ್ಲಿ ಮೆಡೋಸ್ ಟೇಲರ್ ಸುಧಾರಿಸಿದ. ಇಂದು ಅದು ಪಕ್ಷಿಧಾಮ. ಕೆರೆಗೆ ಅಂಗಳದ ಕಡೆಯಿಂದ ಇಳಿದವನಿಗೆ ನೀರು ಮೊದಲು ಪಾದಕ್ಕೆ, ಆಮೇಲೆ ಮೊಣಕಾಲಿಗೆ, ನಂತರ ಸೊಂಟಕ್ಕೆ ಬರುತ್ತದೆ. ಪ್ರತಿ ಹೆಜ್ಜೆಗೂ ನೀರು ಅವನಿಗೆ ಎಚ್ಚರಿಕೆ ಕೊಡುತ್ತದೆ. (ಹೂಳು ತೆಗೆದು ಗುಂಡಿ ಬಿದ್ದ ಕೆರೆಗಳಿಗೆ ಈ ಮಾತು ಸಲ್ಲದು. ಅಲ್ಲಿಯೂ ಹೆಜ್ಜೆ ದಿಢೀರನೆ ತಪ್ಪುತ್ತದೆ.) ಖಣಿಗೆ ಇಳಿಜಾರಿಲ್ಲ. ಕತ್ತರಿಸಿದ ಗೋಡೆ ನೇರವಾಗಿ ಕೆಳಗೆ ಹೋಗುತ್ತದೆ. ಒಂದು ಹೆಜ್ಜೆ ದಂಡೆ, ಮುಂದಿನ ಹೆಜ್ಜೆ ನಲವತ್ತು ಅಡಿ ಆಳವೂ ಆಗಿರಬಹುದು. ಹೊರಗೆ ಬರಬೇಕೆಂದರೆ ಹಿಡಿಯಲು ಆಸರೆ ಇಲ್ಲ. ನೀರಂಚಿನ ಕಲ್ಲಿಗೆ ಪಾಚಿ.

ಮೂರನೆಯದು ಅಡಗಿದ ಮೆಟ್ಟಿಲು. ಮೆಟ್ಟಿಲು ಒಳ್ಳೆಯದಲ್ಲವೇ? ಇದು ಆ ಮೆಟ್ಟಿಲಲ್ಲ. ಆಳದ ಖಣಿಯ ಗೋಡೆ ಕುಸಿಯದಿರಲೆಂದು ಅದನ್ನು ಹಂತ ಹಂತವಾಗಿ ಕತ್ತರಿಸಬೇಕು. 1952ರ ಗಣಿ ಕಾಯ್ದೆಯಡಿ 1961ರಲ್ಲಿ ಬಂದ ನಿಯಮಗಳು ಗಟ್ಟಿಕಲ್ಲಿನ ಗಣಿಯಲ್ಲಿ ಒಂದು ಹಂತದ ಎತ್ತರ 6 ಮೀಟರ್ ಮೀರಬಾರದು, ಅದರ ಅಗಲ ಎತ್ತರಕ್ಕಿಂತ ಕಡಿಮೆ ಇರಬಾರದು ಎಂದು ಹೇಳಿದವು. ಕೆಲಸಗಾರನ ಜೀವ ಉಳಿಸಲು ಮಾಡಿದ ಈ ಹಂತಗಳು ನೀರು ತುಂಬಿದ ಮೇಲೆ ಮೇಲಿನಿಂದ ಜಿಗಿಯುವವನಿಗೆ ಕಂಟಕವಾಗುತ್ತವೆ. 5 ಮೀಟರ್ ಎತ್ತರದಿಂದ ಜಿಗಿದವನು ನೀರು ಮುಟ್ಟುವಾಗ ಗಂಟೆಗೆ ಸುಮಾರು 36 ಕಿಲೋಮೀಟರ್ ವೇಗದಲ್ಲಿರುತ್ತಾನೆ. 10 ಮೀಟರ್ ಎತ್ತರದಿಂದಾದರೆ ಸುಮಾರು 50. ಆ ವೇಗದಲ್ಲಿ ತಲೆ ಕೆಳಗಾಗಿ ಬಂದವನಿಗೆ ಮೂರಡಿ ನೀರಿನ ಕೆಳಗೆ ಕಲ್ಲಿನ ಚಾಚು ಸಿಕ್ಕರೆ ಕುತ್ತಿಗೆಯ ಮೂಳೆಯ ಗತಿ ಏನಾದೀತು? ಕಲ್ಲಿನ ಜೊತೆಗೆ ಬಿಟ್ಟುಹೋದ ಕಬ್ಬಿಣದ ಸರಳು, ತಂತಿ ಹಗ್ಗ, ಎಸೆದ ಕಸವೂ ತಳದಲ್ಲಿರಬಹುದು.

ಇದರ ಮೇಲೆ ತಂಪಿನ ಪ್ರಶ್ನೆ ಬೇರೆ. ಬಿಸಿಲು ನೀರಿನ ಮೇಲ್ಪದರವನ್ನಷ್ಟೇ ಕಾಯಿಸುತ್ತದೆ. ಬಿಸಿನೀರು ಹಗುರ, ಮೇಲೆಯೇ ಉಳಿಯುತ್ತದೆ. ತಣ್ಣೀರು ಭಾರ, ಕೆಳಗೇ ಇರುತ್ತದೆ. ಗಾಳಿಯೂ ಇಳಿಯದ ಖಣಿಯಲ್ಲಿ ಈ ಎರಡು ಪದರಗಳು ಸುಲಭವಾಗಿ ಬೆರೆಯುವುದಿಲ್ಲ. ಚಳಿದೇಶಗಳ ಖಣಿಗಳಂತೆ ಮೈ ಮರಗಟ್ಟಿಸುವ ಚಳಿ ನಮ್ಮಲ್ಲಿ ಇರಲಿಕ್ಕಿಲ್ಲ. ಆದರೆ ಬಿಸಿಲಲ್ಲಿ ಕಾದ ಮೈ ತಣ್ಣೀರಿಗೆ ಬಿದ್ದಾಗ ಉಸಿರು ಒಮ್ಮೆ ತಾನಾಗಿ ಒಳಕ್ಕೆ ಎಳೆಯುತ್ತದೆ. ಆ ಕ್ಷಣಕ್ಕೆ ಬಾಯಿ ನೀರೊಳಗಿದ್ದರೆ ಈಜು ಬಲ್ಲವನೂ ಗಾಬರಿಯಾಗುತ್ತಾನೆ.

ಖಣಿಯೇ ಕೊಳವಾದ ಊರು

ಹಾಗಾದರೆ ಖಣಿಯಲ್ಲಿ ಈಜುವುದು ಎಂದಿಗೂ ಆಗದ ಮಾತೇ? ಆಗುತ್ತದೆ. ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ ಮಯಾಮಿ ನಗರದ ಪಕ್ಕ ಕೋರಲ್ ಗೇಬಲ್ಸ್ ಎಂಬ ಊರಿದೆ. 1920ರ ದಶಕದಲ್ಲಿ ಜಾರ್ಜ್ ಮೆರಿಕ್ ಎಂಬಾತ ಅದನ್ನು ಹೊಸದಾಗಿ ಕಟ್ಟಿಸಿದ. ಮನೆಗಳಿಗೆ, ಕಮಾನುಗಳಿಗೆ ಬೇಕಾದ ಸುಣ್ಣಕಲ್ಲನ್ನು ಅಲ್ಲಿಯ ನೆಲದಿಂದಲೇ ತೆಗೆದರು. ಊರು ಎದ್ದಿತು, ನಡುವೆ ದೊಡ್ಡದೊಂದು ಗುಂಡಿ ಉಳಿಯಿತು.

ಗುಂಡಿಗೆ ಬೇಲಿ ಹಾಕಿ ಸುಮ್ಮನಾಗಬಹುದಿತ್ತು, ಕಸ ತುಂಬಬಹುದಿತ್ತು. ಮೆರಿಕ್‌ನ ಸೋದರಮಾವ ಡೆನ್ಮನ್ ಫಿಂಕ್ ಎಂಬ ಚಿತ್ರಕಲಾವಿದ ಮತ್ತು ವಾಸ್ತುಶಿಲ್ಪಿ ಫಿನಿಯಸ್ ಪೇಯ್ಸ್ಟ್ ಇಬ್ಬರೂ ಸೇರಿ ಅದನ್ನು ಈಜುಕೊಳವನ್ನಾಗಿ ರೂಪಿಸಿದರು. 1924ರಲ್ಲಿ ಅದು ಜನರಿಗೆ ತೆರೆಯಿತು. ವೆನಿಸ್ ನಗರದ ನೆನಪಿಗೆ ಅದರ ಹೆಸರು ವೆನೀಷಿಯನ್ ಪೂಲ್.

ಅಲ್ಲಿಗೆ ಹೋದವರು ನೋಡುವುದು ಏನು? ಕಲ್ಲು ತೆಗೆದ ಒರಟು ಗೋಡೆ ಹಾಗೆಯೇ ಇದೆ. ಅದರ ಮೇಲಿಂದ ಸಣ್ಣ ಜಲಪಾತ ಬೀಳುತ್ತದೆ. ಕಲ್ಲಿನ ಗುಹೆಗಳೊಳಗೆ ಈಜಿ ಹೋಗಿಬರಬಹುದು. ನಡುವೆ ಪುಟ್ಟ ಸೇತುವೆ. ನೀರು ಭೂಮಿಯೊಳಗಿನದೇ, ಕೊಳ ಹಿಡಿಯುವುದು 8,20,000 ಗ್ಯಾಲನ್, ಅಂದರೆ ಸುಮಾರು 31 ಲಕ್ಷ ಲೀಟರ್. ಮೊದಲ ವರ್ಷಗಳಲ್ಲಿ ಕೊಳವನ್ನು ಖಾಲಿ ಮಾಡಿ ಅದರ ತಳದಲ್ಲಿಯೇ ವಾದ್ಯಗೋಷ್ಠಿ ನಡೆಸುತ್ತಿದ್ದರು. ಒಣಗಿದ ಖಣಿಯೇ ರಂಗಮಂಟಪ! 1981ರಲ್ಲಿ ಅದು ಅಮೆರಿಕದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು.

ಆದರೆ ಕಕ್ಕೇರಾದ ಓದುಗರು ಗಮನಿಸಬೇಕಾದದ್ದು ಜಲಪಾತವನ್ನಲ್ಲ, ಸಣ್ಣ ಸಂಗತಿಗಳನ್ನು. ಒಳಗೆ ಹೋಗಲು ಒಂದು ಬಾಗಿಲಿದೆ. ಅದಕ್ಕೆ ಹೊತ್ತುಗೊತ್ತಿದೆ. ಚಿಕ್ಕವರಿಗಾಗಿ ಆಳವಿಲ್ಲದ ಭಾಗ ಬೇರೆ ಇದೆ. ಮೂರು ವರ್ಷದೊಳಗಿನ ಮಕ್ಕಳಿಗೆ ಪ್ರವೇಶವಿಲ್ಲ. ನೀರನ್ನೇ ನೋಡುತ್ತ ಕೂಡುವ ರಕ್ಷಕರಿದ್ದಾರೆ. ಇಳಿಯಲು, ಹತ್ತಲು ಮೆಟ್ಟಿಲಿದೆ. ಇಷ್ಟು ಇದ್ದುದರಿಂದಲೇ ಗುಂಡಿ ಕೊಳವಾಯಿತು.

ಇನ್ನೊಂದು ಮಾತನ್ನೂ ಮರೆಯಬಾರದು. ಕೋರಲ್ ಗೇಬಲ್ಸ್‌ನದು ಮೆತ್ತನೆಯ ಕಲ್ಲು, ಆಳವಿಲ್ಲದ ಖಣಿ. ಮದ್ದು ಹಾಕಿ ಪಾತಾಳಕ್ಕೆ ಇಳಿಸಿದ ಗ್ರಾನೈಟ್ ಖಣಿಗೆ ಆ ಲೆಕ್ಕ ಹಾಗೆಯೇ ಸಲ್ಲುವುದಿಲ್ಲ.

ಮುಚ್ಚಿದ ಊರು, ಕಪ್ಪು ಮಾಡಿದ ಊರು

ಅದಕ್ಕೆ ಅದೇ ಅಮೆರಿಕದ ಇನ್ನೊಂದು ಊರು ಸಾಕ್ಷಿ. ಬಾಸ್ಟನ್ ಬಳಿಯ ಕ್ವಿನ್ಸಿ ಗ್ರಾನೈಟ್‌ಗೆ ಹೆಸರಾದದ್ದು. ಅಲ್ಲಿನ ಕಲ್ಲು ಸಾಗಿಸಲೆಂದೇ 1826ರಲ್ಲಿ ಕುದುರೆ ಎಳೆಯುವ ರೈಲು ಹಾಕಿದ್ದರು. 1963ರಲ್ಲಿ ಕೊನೆಯ ಖಣಿ ಮುಚ್ಚಿತು. ಪಂಪು ನಿಂತಿತು, ನೀರು ಏರಿತು, ಯುವಕರು ಬಂದರು. ಎತ್ತರದ ಅಂಚಿನಿಂದ ಜಿಗಿಯುವುದು ಊರಿನ ಹುಡುಗರಿಗೆ ಗಂಡಸುತನದ ಪರೀಕ್ಷೆಯಾಯಿತು. ವರ್ಷಗಳ ಕಾಲ ಸಾವುಗಳಾದವು. ಹುಡುಕಲು ಇಳಿದ ಮುಳುಗುಗಾರರಿಗೂ ಆ ಕತ್ತಲೆಯ ತಳ ಅಪಾಯದ್ದೇ ಆಗಿತ್ತು. ಕಡೆಗೆ, ಬಾಸ್ಟನ್ ನಗರದ ಕೆಳಗೆ ಹೆದ್ದಾರಿಯ ಸುರಂಗ ತೋಡಿದಾಗ ಬಂದ ಮಣ್ಣನ್ನು ತಂದು ಆ ಖಣಿಗಳಿಗೆ ತುಂಬಿದರು. ಇಂದು ಅಲ್ಲಿ ಜನ ಬಂಡೆ ಹತ್ತುವ ಅಭ್ಯಾಸ ಮಾಡುತ್ತಾರೆ.

ಇಂಗ್ಲೆಂಡಿನ ಬಕ್ಸ್‌ಟನ್ ಬಳಿಯ ಹಾರ್ಪರ್ ಹಿಲ್ ಖಣಿಯ ಕತೆ ಇನ್ನೂ ವಿಚಿತ್ರ. ಅಲ್ಲಿನ ನೀರು ಎಷ್ಟು ಸುಂದರ ನೀಲಿಯೆಂದರೆ ಜನ ಅದನ್ನು ನೀಲಿ ಸರೋವರವೆಂದು ಕರೆದು ಮಕ್ಕಳು ಮರಿಗಳೊಂದಿಗೆ ಬರುತ್ತಿದ್ದರು. ಆದರೆ ಆ ನೀಲಿಗೆ ಕಾರಣ ಸುಣ್ಣದ ಅಂಶ. ನೀರಿನ ಪಿ.ಎಚ್. ಮಟ್ಟ 11.3. ಶುದ್ಧ ನೀರಿನದು 7, ಬಟ್ಟೆ ಬಿಳಿ ಮಾಡುವ ಬ್ಲೀಚ್‌ನದು 12ಕ್ಕೂ ಹೆಚ್ಚು ಎಂದರೆ ಈ ನೀರು ಚರ್ಮಕ್ಕೆ, ಕಣ್ಣಿಗೆ ಏನು ಮಾಡೀತೆಂದು ಊಹಿಸಬಹುದು. ಅಪಾಯವೆಂದು ಫಲಕ ಹಾಕಿದರು, ಜನ ಕೇಳಲಿಲ್ಲ. 2013ರಲ್ಲಿ ಅಲ್ಲಿನ ಸ್ಥಳೀಯ ಆಡಳಿತ ನೀರಿಗೆ ಕಪ್ಪು ಬಣ್ಣ ಹಾಕಿತು. ಅಂದವಿಲ್ಲದ ನೀರಿಗೆ ಜನ ಬರುವುದು ಕಡಿಮೆಯಾಯಿತು. ಫಲಕ ಮಾಡದ ಕೆಲಸವನ್ನು ಬಣ್ಣ ಮಾಡಿತು.

ಮೂರು ಊರು, ಮೂರು ದಾರಿ. ಒಂದು ಊರು ಖಣಿಗೆ ಮೆಟ್ಟಿಲು ಕಟ್ಟಿತು, ಒಂದು ಅದನ್ನು ಮುಚ್ಚಿತು, ಒಂದು ಅದರ ಮೋಹ ಕಳೆಯಿತು. ಮೂರೂ ಊರುಗಳು ಒಂದು ವಿಷಯದಲ್ಲಿ ಒಂದೇ: ಖಣಿಯನ್ನು ಅದರ ಪಾಡಿಗೆ ಬಿಡಲಿಲ್ಲ.

ನಮ್ಮ ಹಿರಿಯರ ಲೆಕ್ಕ

ನೀರಿಗೆ ಮೆಟ್ಟಿಲು ಕಟ್ಟುವ ವಿದ್ಯೆಯನ್ನು ನಮ್ಮವರು ಅಮೆರಿಕದಿಂದ ಕಲಿಯಬೇಕಿಲ್ಲ. ಹಂಪಿಯ ಅರಮನೆಯ ಆವರಣದಲ್ಲಿ 1980ರ ದಶಕದ ಉತ್ಖನನದಲ್ಲಿ ಹೊರಬಂದ ಪುಷ್ಕರಣಿಯನ್ನು ಶಾಲಾ ಪ್ರವಾಸಕ್ಕೆ ಹೋದವರೆಲ್ಲ ನೋಡಿರುತ್ತಾರೆ. ಕರಿಕಲ್ಲಿನ ಮೆಟ್ಟಿಲುಗಳು ನಾಲ್ಕೂ ದಿಕ್ಕಿನಿಂದ ಹಂತ ಹಂತವಾಗಿ ಕೆಳಗಿಳಿಯುತ್ತವೆ. ಹತ್ತಿರ ಹೋಗಿ ನೋಡಿದರೆ ಕಲ್ಲುಗಳ ಮೇಲೆ ಗುರುತುಗಳಿವೆ. ಯಾವ ದಿಕ್ಕು, ಯಾವ ಸಾಲು, ಎಷ್ಟನೆಯ ಕಲ್ಲು ಎಂದು ಬರೆದಿಟ್ಟು, ಬೇರೆ ಕಡೆ ಸಿದ್ಧಪಡಿಸಿ ತಂದು ಇಲ್ಲಿ ಜೋಡಿಸಿದ್ದಾರೆ.

ಆ ಕಲ್ಲೂ ಯಾವುದೋ ಖಣಿಯಿಂದಲೇ ಬಂದದ್ದು. ನೀರು ಏರಲಿ, ಇಳಿಯಲಿ, ಕಾಲಿಗೆ ಸದಾ ಒಂದು ಮೆಟ್ಟಿಲು ಸಿಗುವಂತೆ ಅದನ್ನು ಕಟ್ಟಿದರು. ನಡುಬೇಸಿಗೆಯಲ್ಲಿ ನೀರು ತಳ ಕಂಡರೂ ಇಳಿಯುವವನಿಗೆ ತಾನು ಎಲ್ಲಿದ್ದೇನೆಂದು ಗೊತ್ತಿರುತ್ತದೆ. ಇಂದು ಖಣಿಯಿಂದ ಕಲ್ಲು ಹೊರಗೆ ಹೋಗುತ್ತದೆ, ಮನೆಗಳಿಗೆ ಮೆಟ್ಟಿಲಾಗುತ್ತದೆ. ಖಣಿಗೆ ಮಾತ್ರ ಒಂದು ಮೆಟ್ಟಿಲೂ ಉಳಿಯುವುದಿಲ್ಲ.

ಮುಳುಗುವವನು ಕೂಗುವುದಿಲ್ಲ

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ನೀರಲ್ಲಿ ಮುಳುಗಿ ಸತ್ತವರು ಸುಮಾರು 3 ಲಕ್ಷ ಜನ. 5ರಿಂದ 14 ವರ್ಷದ ಮಕ್ಕಳ ಸಾವಿಗೆ ಇದು ಮೂರನೆಯ ದೊಡ್ಡ ಕಾರಣ. ಹತ್ತರಲ್ಲಿ ಒಂಬತ್ತು ಸಾವು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ಇದನ್ನು ಜನರ ಗಮನಕ್ಕೆ ತರಲೆಂದು ವಿಶ್ವಸಂಸ್ಥೆ 2021ರಲ್ಲಿ ಜುಲೈ 25ನ್ನು ಮುಳುಗುವಿಕೆ ತಡೆ ದಿನವೆಂದು ಘೋಷಿಸಿತು.

ಸಿನಿಮಾದಲ್ಲಿ ಮುಳುಗುವವನು ಕೈ ಬೀಸಿ "ಕಾಪಾಡಿ" ಎಂದು ಕೂಗುತ್ತಾನೆ. ನಿಜಜೀವನದಲ್ಲಿ ಕೂಗಲು ಉಸಿರೇ ಇರುವುದಿಲ್ಲ. ತಲೆ ಹಿಂದಕ್ಕೆ ವಾಲುತ್ತದೆ, ಬಾಯಿ ನೀರಿನ ಮಟ್ಟಕ್ಕೆ ಬಂದು ಹೋಗುತ್ತದೆ, ಕೈ ನೀರನ್ನು ಕೆಳಗೆ ಒತ್ತುತ್ತಿರುತ್ತದೆ. ಒಂದು ನಿಮಿಷದೊಳಗೆ ಎಲ್ಲ ಮುಗಿಯಬಹುದು. ದಂಡೆಯ ಮೇಲಿದ್ದವರು "ಆಟ ಆಡಾಕತ್ಯಾನ" ಎಂದೇ ತಿಳಿಯುತ್ತಾರೆ. ಜೊತೆಗಾರ ಮಾತಾಡದೆ ಒಂದೇ ಕಡೆ ಏಳುತ್ತ ಮುಳುಗುತ್ತ ಇದ್ದರೆ ಅದು ಆಟವಲ್ಲ.

ಆಗ ಏನು ಮಾಡಬೇಕು? ಮೊದಲು ಏನು ಮಾಡಬಾರದೆಂದು ತಿಳಿಯಬೇಕು. ಹಿಂದೆಯೇ ಜಿಗಿಯಬಾರದು. ಮುಳುಗುವವನು ಕೈಗೆ ಸಿಕ್ಕದ್ದನ್ನು ಬಿಗಿಯಾಗಿ ಅಪ್ಪುತ್ತಾನೆ. ಉಳಿಸಲು ಹೋದವನನ್ನೂ ಒಯ್ಯುತ್ತಾನೆ. ಒಬ್ಬನ ಹಿಂದೆ ಅಣ್ಣ, ಅಣ್ಣನ ಹಿಂದೆ ಗೆಳೆಯ ಹೀಗೆ ಇಬ್ಬರು ಮೂವರು ಒಟ್ಟಿಗೆ ಹೋಗುವುದು ಹೀಗೆಯೇ. ದಂಡೆಯ ಮೇಲೆ ಮಲಗಿ ಉದ್ದನೆಯ ಕೋಲು ಚಾಚಬೇಕು. ಕೋಲಿಲ್ಲವೇ? ಧೋತರ, ರುಮಾಲು, ಸೀರೆ, ಟವೆಲ್ ಗಂಟು ಹಾಕಿ ಎಸೆಯಬೇಕು. ಮುಚ್ಚಳ ಬಿಗಿದ 5 ಲೀಟರಿನ ಖಾಲಿ ಕ್ಯಾನು, ಪ್ಲಾಸ್ಟಿಕ್ ಕೊಡ ಸಿಕ್ಕರೆ ಅದನ್ನೇ ಎಸೆಯಬೇಕು. ಆರ್ಕಿಮಿಡೀಸನ ತತ್ವ ಓದಿದವರು ಲೆಕ್ಕ ಹಾಕಬಹುದು: 5 ಲೀಟರಿನ ಖಾಲಿ ಕ್ಯಾನು ಸುಮಾರು 5 ಕಿಲೋ ಭಾರವನ್ನು ನೀರಿನ ಮೇಲೆ ಹಿಡಿದಿಡುತ್ತದೆ. ಒಬ್ಬನ ತಲೆ ನೀರಿನ ಮೇಲಿರಲು ಅಷ್ಟು ಸಾಕು. ಅಜ್ಜನ ಸೋರೆ ಬುರುಡೆ ಮಾಡುತ್ತಿದ್ದುದೂ ಇದೇ ಕೆಲಸ.

ಮೇಲೆ ತಂದ ಮೇಲೆ ಕಾಲು ಹಿಡಿದು ತಲೆಕೆಳಗೆ ಮಾಡುವುದು, ಹೊಟ್ಟೆ ಒತ್ತುವುದು, ಗರಗರ ತಿರುಗಿಸುವುದು ಯಾವುದೂ ಬೇಡ. ಉಪ್ಪಿನ ರಾಶಿಯಲ್ಲಿ ಹೂತಿಟ್ಟರೆ ಜೀವ ಬರುತ್ತದೆಂಬ ಸಂದೇಶ ಮೊಬೈಲುಗಳಲ್ಲಿ ಹರಿದಾಡಿದೆ. ಅದನ್ನು ನಂಬಿ 2022ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ, 2023ರಲ್ಲಿ ಹಾವೇರಿ ಜಿಲ್ಲೆಯಲ್ಲಿ ತಂದೆತಾಯಂದಿರು ಮಕ್ಕಳ ದೇಹವನ್ನು ಗಂಟೆಗಟ್ಟಲೆ ಉಪ್ಪಿನಲ್ಲಿಟ್ಟು ಕಾದರು. ಮಕ್ಕಳು ಏಳಲಿಲ್ಲ. ಆ ತಂದೆತಾಯಂದಿರನ್ನು ನೋಡಿ ನಗಬಾರದು. ಸರಿಯಾದ ಮಾತನ್ನು ಅವರಿಗೆ ಯಾರೂ ಮೊದಲೇ ಹೇಳಿರಲಿಲ್ಲ ಎಂಬುದು ನಾಚಿಕೆಯ ಸಂಗತಿ.

ಸರಿಯಾದ ಮಾತು ಇಷ್ಟು. ಒಬ್ಬರು 108ಕ್ಕೆ ಅಥವಾ 112ಕ್ಕೆ ಕರೆ ಮಾಡಬೇಕು. ಇನ್ನೊಬ್ಬರು ಗಟ್ಟಿನೆಲದ ಮೇಲೆ ಅಂಗಾತ ಮಲಗಿಸಿ, ಉಸಿರಿದೆಯೇ ನೋಡಬೇಕು. ಇಲ್ಲವಾದರೆ ತಲೆಯನ್ನು ಹಿಂದಕ್ಕೆ ಬಾಗಿಸಿ, ಗದ್ದ ಎತ್ತಿ, ಮೂಗು ಹಿಡಿದು ಬಾಯಿಂದ ಬಾಯಿಗೆ ಉಸಿರು ಊದಬೇಕು. ಆಮೇಲೆ ಎದೆಯ ನಡುವೆ ಜೋರಾಗಿ, ವೇಗವಾಗಿ 30 ಸಲ ಒತ್ತಿ, ಮತ್ತೆ 2 ಉಸಿರು. ಆಂಬುಲೆನ್ಸ್ ಬರುವವರೆಗೆ ಇದನ್ನು ಬಿಡಬಾರದು. ಓದಿದರೆ ಇದು ಪೂರ್ತಿ ಬರುವ ವಿದ್ಯೆಯಲ್ಲ. ಶಾಲೆಗೆ ವೈದ್ಯರನ್ನೋ ಅಗ್ನಿಶಾಮಕ ಸಿಬ್ಬಂದಿಯನ್ನೋ ಕರೆಸಿ ಒಂದು ಮಧ್ಯಾಹ್ನ ಕೈಯಾರೆ ಮಾಡಿ ಕಲಿತರೆ ಜೀವನಪೂರ್ತಿ ಉಳಿಯುತ್ತದೆ.

ಊರು ಮಾಡಬಹುದಾದದ್ದು

ಈಜುಕೊಳ ಎಂದರೆ ಕೋಟಿ ರೂಪಾಯಿಯ ಮಾತು ಎಂದು ಕೈಬಿಡುವವರು ಬಾಂಗ್ಲಾದೇಶದ ಕಡೆ ನೋಡಬೇಕು. ಅಲ್ಲಿ ಹಳ್ಳಿಯ ಕೆರೆಕುಂಟೆಯಲ್ಲಿಯೇ ಬಿದಿರಿನ ಅಟ್ಟ ಕಟ್ಟಿ, ಸುತ್ತ ಬಿದಿರಿನ ಕಟಕಟೆ ಹಾಕಿ, ಮಕ್ಕಳ ಎದೆಮಟ್ಟದ ನೀರಿನಲ್ಲಿ ಈಜು ಕಲಿಸಿದ್ದಾರೆ. ಕಲಿಸುವವರು ತರಬೇತಿ ಪಡೆದ ಅದೇ ಊರಿನ ಯುವಕ, ಯುವತಿಯರು. ಶಾಲೆಯ ವಯಸ್ಸಿನ ಮಕ್ಕಳಿಗೆ ಈಜು ಮತ್ತು ನೀರಿನ ಎಚ್ಚರ ಕಲಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ಹೌದು.

ಕಕ್ಕೇರಾದಂಥ ಊರಿನಲ್ಲಿ ಕೆಲಸ ಖಣಿಯಿಂದಲೇ ಶುರುವಾಗಬೇಕು. ಕಲ್ಲು ಕಟ್ಟಿದ ಹಗ್ಗ ಇಳಿಬಿಟ್ಟು ಆಳ ಅಳೆದು, ಅದನ್ನು ದಂಡೆಯ ಬಂಡೆಯ ಮೇಲೆಯೇ ದೊಡ್ಡ ಅಕ್ಷರದಲ್ಲಿ ಬರೆಸಲು ಬೇಕಾದದ್ದು ಒಂದು ದಿನ ಮತ್ತು ಒಂದು ಡಬ್ಬಿ ಬಣ್ಣ. ಆಳದ ಖಣಿಗೆ ಬೇಲಿ ಬೇಕು. ಅದರ ಪಕ್ಕ ಹಗ್ಗ ಮತ್ತು ಖಾಲಿ ಕ್ಯಾನು ತೂಗುಹಾಕಿರಬೇಕು. ಬಟ್ಟೆ ತೊಳೆಯಲು ಹೆಣ್ಣುಮಕ್ಕಳು ಹೋಗುವ ಕಡೆಯಂತೂ ಮೆಟ್ಟಿಲು ಇರಲೇಬೇಕು. ಆಳವಿಲ್ಲದ ಖಣಿಯೊಂದಿದ್ದು, ನೀರು ಪರೀಕ್ಷೆಯಲ್ಲಿ ಶುದ್ಧವೆಂದು ಬಂದರೆ, ಒಂದು ಬದಿಗೆ ಕಲ್ಲುಪುಡಿ ತುಂಬಿ ಇಳಿಜಾರು ಮಾಡಿ, ಹಗ್ಗದ ಗಡಿ ಕಟ್ಟಿ, ಕಾವಲಿಗೊಬ್ಬರನ್ನು ಇಟ್ಟರೆ ಅದು ಊರ ಕೊಳವಾಗಬಲ್ಲದು. ತಜ್ಞರು ಆಗದೆಂದರೆ ಮುಚ್ಚಬೇಕು. ಎರಡೂ ಮಾಡದೆ ಬಿಡುವುದು ಮಾತ್ರ ಸಲ್ಲದು.

ಇನ್ನು ಹೆಣ್ಣುಮಕ್ಕಳ ಮಾತು. ಬಾವಿಯ ಕಾಲದಲ್ಲೂ ಹಗ್ಗ ಕಟ್ಟಿಸಿಕೊಂಡವರಲ್ಲಿ ಹುಡುಗರೇ ಹೆಚ್ಚು. ದಿನವೂ ನೀರಿನ ಹತ್ತಿರ ಹೋಗುವವಳು, ಕೊಡ ತುಂಬುವವಳು, ಬಟ್ಟೆ ಒಗೆಯುವವಳು ಅವಳು. ಈಜು ಬಾರದವಳೂ ಅವಳೇ. ಈ ಲೆಕ್ಕ ತಪ್ಪೆಂದು ಹೇಳಲು ಯಾವ ಸಮೀಕ್ಷೆಯೂ ಬೇಡ.

ಪಾಲಕರು ಮಾಡಬಹುದಾದದ್ದು ಇನ್ನೂ ಸರಳ. "ಹೋಗಬ್ಯಾಡ" ಎಂಬ ಮಾತು ಹುಡುಗನನ್ನು ತಡೆಯುವುದಿಲ್ಲ, ಸುಳ್ಳು ಹೇಳಲು ಕಲಿಸುತ್ತದೆ. ಸುಳ್ಳು ಹೇಳಿ ಹೋದವನು ಎಲ್ಲಿಗೆ ಹೋದನೆಂಬುದು ಯಾರಿಗೂ ಗೊತ್ತಿರುವುದಿಲ್ಲ. ಅದರ ಬದಲು ಮೂರು ಪ್ರಶ್ನೆ ಕೇಳಬಹುದು. ಯಾರ ಜೋಡಿ ಹೋಗುತ್ತಿ? ನೀರು ಎಷ್ಟು ಆಳ, ಅಳೆದವರು ಯಾರು? ಮೇಲೆ ಹತ್ತಿ ಬರುವುದು ಎಲ್ಲಿಂದ? ಮೂರಕ್ಕೂ ಉತ್ತರ ಇದ್ದರೆ ಹುಡುಗನ ಜೊತೆ ದೊಡ್ಡವರೊಬ್ಬರು ಹಗ್ಗ ಹಿಡಿದು ಹೊರಡಬಹುದು. ಒಂದಕ್ಕೆ ಉತ್ತರ ಇಲ್ಲದಿದ್ದರೂ ಅಂದು ಈಜು ಬೇಡ. ಮನೆಯ ಮುಂದೆ ಎರಡು ಕೊಡ ನೀರು ಸುರಿದುಕೊಂಡರೂ ಮೈ ತಣ್ಣಗಾಗುತ್ತದೆ.

ಹಾಗೆ ಕೇಳುವ ಮನೆಯಲ್ಲಿ ಬೇಸಿಗೆಯ ಮಧ್ಯಾಹ್ನದ ಮಾತು ಬೇರೆಯಾಗಿರುತ್ತದೆ.

"ಯವ್ವಾ, ನಾ ಈಸಾಕ ಹೋಗಿ ಬರ್ತೀನಿ."

"ಯಾರ ಜೋಡಿ?"

"ಕಾಕಾನ ಜೋಡಿ. ಹಗ್ಗ, ಕ್ಯಾನು ತಗೊಂಡಾನ."

"ಮೆಟ್ಲ ಇರೂ ಬಾವಿಗೇ ಹೋಗ್ರಿ ಮತ್ತ. ತಂಗೀನೂ ಕರ್ಕೊಂಡು ಹೋಗು, ಆಕಿನೂ ಕಲೀಲಿ."